ಮೊದಲು ಬಿರುಕು, ಆಮೇಲೆ ಬಲೆ: ನ್ವಾರ್ ಚಿತ್ರಕಥೆಗೆ ಪಾತ್ರ ಕಟ್ಟುವ ಬಗೆ

ಫಿಲ್ಮ್ ನ್ವಾರ್, ಅಂದರೆ ನೆರಳು, ಮೋಸ, ಅಪರಾಧದ ಕಥೆ ಹೇಳುವ ಸಿನಿಮಾ ಮಾದರಿಯ ಚಿತ್ರಕಥೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಶುರುಮಾಡುವುದು ಹೆಣ್ಣಿನಿಂದ. ಕಪ್ಪು ಗೌನು, ಕೈಯಲ್ಲಿ ಸಿಗರೇಟು, ಅರ್ಧ ಹೇಳಿ ಅರ್ಧ ನುಂಗುವ ಮಾತು. ಅವಳು ಬಾಗಿಲಲ್ಲಿ ಬಂದು ನಿಲ್ಲುವ ದೃಶ್ಯ ಚೆನ್ನಾಗಿಯೇ ಬರುತ್ತದೆ. ಇಪ್ಪತ್ತನೇ ಪುಟದ ಹೊತ್ತಿಗೆ ಕಥೆ ಕುಂಟತೊಡಗುತ್ತದೆ. ಅವಳು ಬೀಸಿದ ಬಲೆಗೆ ಬೀಳಲು ಎದುರಿಗಿರುವವನಿಗೆ ಅವಳ ಚೆಲುವು ಬಿಟ್ಟರೆ ಬೇರೆ ಕಾರಣವೇ ಇರುವುದಿಲ್ಲ.

1940ರ ದಶಕದ ಅಮೆರಿಕದ ನ್ವಾರ್ ಚಿತ್ರಗಳನ್ನು ಬಿಡಿಸಿ ನೋಡಿದರೆ ಲೆಕ್ಕ ತಿರುಗುಮುರುಗಾಗಿದೆ. ಬಿರುಕು ಮೊದಲೇ ಗಂಡಸಿನಲ್ಲಿದೆ. ಮೋಹಿಸುವವಳು, ದಣಿ, ಗೂಂಡಾ, ಗೆಳೆಯ, ಊರಿನ ಒಳ್ಳೆಯ ಹುಡುಗಿ, ಎಲ್ಲರೂ ಆ ಬಿರುಕಿನ ಅಳತೆಗೆ ಕತ್ತರಿಸಿ ಹೊಲಿದವರು. ಆದ್ದರಿಂದ ಪಾತ್ರ ಕಟ್ಟುವ ಕ್ರಮವೂ ಹಾಗೇ ಇರಲಿ. ಮುಂದೆ ಕೊಟ್ಟಿರುವ ಉದಾಹರಣೆಗಳಲ್ಲಿ ಹಲವು ಚಿತ್ರಗಳ ಕೊನೆ ಬಯಲಾಗುತ್ತದೆ. ನೋಡದವರು ನೋಡಿ ಬರುವುದು ಒಳ್ಳೆಯದು.

ಬೀಳುವವನು

ಒಂದು ಹಾಳೆ ತೆಗೆದುಕೊಂಡು ನಾಯಕನ ಬಗ್ಗೆ ನಾಲ್ಕೇ ಸಾಲು ಬರೆಯಿರಿ: ಅವನ ಕಸುಬು, ಆ ಕಸುಬು ಅವನಿಗೆ ಕೊಟ್ಟಿರುವ ವಿಶೇಷ ತಿಳಿವಳಿಕೆ, ಕಥೆ ಶುರುವಾಗುವ ಮುಂಚೆಯೇ ಅವನ ತಲೆಯಲ್ಲಿ ಸುಳಿದಿರುವ ಕೆಟ್ಟ ಯೋಚನೆ, ಅವನು ಯಾವ ಬೆಲೆಗೆ ಬಿಕರಿಯಾಗುತ್ತಾನೆ. ಮೂರನೇ ಸಾಲು ಖಾಲಿ ಉಳಿದರೆ ಮುಂದಕ್ಕೆ ಹೋಗಬೇಡಿ.

ಬಿಲ್ಲಿ ವೈಲ್ಡರ್ 1944ರಲ್ಲಿ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ಯ ವಾಲ್ಟರ್ ನೆಫ್ ಇದಕ್ಕೆ ಒಳ್ಳೆಯ ಪಾಠ. ಅವನು ವಿಮೆ ಮಾರುವವನು. ರೈಲಿನಂಥ ಅಪರೂಪದ ಅಪಘಾತದಲ್ಲಿ ಸತ್ತರೆ ದುಪ್ಪಟ್ಟು ಹಣ ಕೊಡುವ ಷರತ್ತು ಅವನಿಗೆ ಬಾಯಿಪಾಠ. ಅವನ ಗಿರಾಕಿಯ ಹೆಂಡತಿ ಫಿಲಿಸ್ ತನ್ನ ಗಂಡನನ್ನು ಕೊಲ್ಲುವ ಮಾತೆತ್ತುವ ಮೊದಲೇ ಕಂಪನಿಗೆ ಟೋಪಿ ಹಾಕುವುದು ಹೇಗೆಂದು ಅವನು ಯೋಚಿಸಿದ್ದವನೇ. ಜೂಜುಕಟ್ಟೆಯ ಚಕ್ರ ಕಾಯುವವನಿಗೆ ಒಂದು ದಿನ ತಾನೇ ಮೋಸ ಮಾಡಿದರೆ ಹೇಗೆ ಅನ್ನಿಸುವ ಹಾಗೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಅವಳು ತಂದದ್ದು ಸಂದರ್ಭ ಮಾತ್ರ. ಇಡೀ ಚಿತ್ರದ ಬಿಗಿ ಇರುವುದು ಅಲ್ಲಿ.

ಕಸುಬು ಅಲಂಕಾರಕ್ಕಲ್ಲ ಎಂಬುದನ್ನೂ ಅದೇ ಚಿತ್ರ ತೋರಿಸುತ್ತದೆ. ನೆಫ್‌ನ ಯೋಜನೆ ಕುಸಿಯುವುದು ಬಂದೂಕಿನಿಂದಲ್ಲ, ಒಂದು ವಿಮೆಯ ಅರ್ಜಿಯಿಂದ. ಸತ್ತವನ ಹೆಸರಲ್ಲಿ ಅಪಘಾತ ವಿಮೆ ಇತ್ತು, ಕಾಲೂ ಮುರಿದಿತ್ತು, ಆದರೂ ಅವನು ಕ್ಲೇಮ್ ಹಾಕಲಿಲ್ಲವೇಕೆ? ತನ್ನ ಹೆಸರಲ್ಲಿ ಅಂಥ ವಿಮೆ ಇರುವುದೇ ಅವನಿಗೆ ಗೊತ್ತಿರಲಿಲ್ಲ ಎಂದಲ್ಲವೇ? ಕ್ಲೇಮ್ ವಿಭಾಗದ ಕೀಸ್ ಹಿಡಿಯುವ ಎಳೆ ಇದು. ಯಾವ ವಿದ್ಯೆಯಿಂದ ಅಪರಾಧ ಹುಟ್ಟಿತೋ ಅದೇ ವಿದ್ಯೆಯಿಂದ ಅದು ಬಯಲಾಗಬೇಕು. ನಿಮ್ಮ ನಾಯಕ ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತನೋ ಸಹಕಾರಿ ಬ್ಯಾಂಕಿನ ಕ್ಯಾಷಿಯರೋ ಆಗಿದ್ದರೆ, ಆ ಕಚೇರಿಯ ಒಬ್ಬರ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ‘ಹೊರಗಿನವರ ಕಣ್ಣಿಗೆ ಬೀಳದ, ನಿಮಗೆ ಮಾತ್ರ ತಕ್ಷಣ ಕಾಣುವ ತಪ್ಪು ಯಾವುದು?’ ಸಿಗುವ ಉತ್ತರವೇ ನಿಮ್ಮ ಕೊನೆಯ ಮೂವತ್ತು ಪುಟ.

ಬೀಳುವವನಲ್ಲಿ ಮೂರು ಬಗೆ ಸಾಮಾನ್ಯ. ಒಂದು, ತನಿಖೆಗೆ ಇಳಿದು ತಾನೇ ಕೆಸರು ಮೆತ್ತಿಕೊಳ್ಳುವವನು. ‘ದಿ ಮಾಲ್ಟೀಸ್ ಫಾಲ್ಕನ್’ (1941) ಚಿತ್ರದ ಸ್ಯಾಮ್ ಸ್ಪೇಡ್ ಇಂಥವನು, ಕಾಲು ಜಾರುವ ಅಂಚಿಗೆ ಬಂದೂ ನಿಂತುಬಿಡುವವನು. ಎರಡು, ಮರ್ಯಾದಸ್ಥನಾಗಿದ್ದು ಒಳಗಿಂದ ಕೊಳೆಯುವವನು. ನೆಫ್ ಆ ಜಾತಿ, ಫ್ರಿಟ್ಸ್ ಲಾಂಗ್ ನಿರ್ದೇಶನದ ‘ಸ್ಕಾರ್ಲೆಟ್ ಸ್ಟ್ರೀಟ್’ನ (1945) ಮುದಿ ಕ್ಯಾಷಿಯರ್ ಕ್ರಿಸ್ ಕ್ರಾಸ್ ಕೂಡ. ಮೂರು, ಹಳೆಯದನ್ನು ಮುಚ್ಚಿಟ್ಟು ಬೇರೆ ಊರಲ್ಲಿ ಬದುಕುತ್ತಿರುವಾಗ ಹಳೆಯದೇ ಹುಡುಕಿಕೊಂಡು ಬರುವವನು. ‘ಔಟ್ ಆಫ್ ದಿ ಪಾಸ್ಟ್’ನಲ್ಲಿ (1947) ರಾಬರ್ಟ್ ಮಿಚಮ್ ಮಾಡಿದ ಜೆಫ್ ಬೇಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿರುತ್ತಾನೆ. ಮೊದಲ ಸಲ ಬರೆಯುವವರು ಎರಡನೆಯ ಬಗೆಯನ್ನು ಆಯ್ದುಕೊಳ್ಳಿ. ಪತ್ತೇದಾರನಿಗೆ ಬೇಕಾಗುವ ಸುಳಿವಿನ ಜೋಡಣೆ, ಹಳೆಯ ಕಥೆಗೆ ಬೇಕಾಗುವ ಫ್ಲ್ಯಾಷ್‌ಬ್ಯಾಕಿನ ಹಿಡಿತ, ಎರಡೂ ಕಷ್ಟದ ಕೆಲಸ.

ಕೇವಲ ದುರದೃಷ್ಟದಿಂದ ಸಾಯುವವನೂ ಉಂಟಲ್ಲ ಎನ್ನಬಹುದು. ‘ಡಿ.ಒ.ಎ.’ (1950) ಚಿತ್ರದ ಲೆಕ್ಕಿಗ ಬಿಗೆಲೊ ಒಂದು ಮಾರಾಟಪತ್ರಕ್ಕೆ ನೋಟರಿ ಸಹಿ ಹಾಕಿದ ತಪ್ಪಿಗೆ ಯಾರೋ ಇಟ್ಟ ವಿಷಕ್ಕೆ ಗುರಿಯಾಗಿ, ಸಾಯುವ ಮೊದಲು ತನ್ನ ಕೊಲೆಗಾರನನ್ನು ತಾನೇ ಹುಡುಕುತ್ತಾನೆ. ಅದು ನಿಲ್ಲುವುದು ಸಮಯದ ಒತ್ತಡದ ಮೇಲೆ. ಆ ಗಡಿಯಾರ ನಿಮ್ಮ ಕಥೆಯಲ್ಲಿ ಇಲ್ಲದಿದ್ದರೆ ದುರದೃಷ್ಟವನ್ನು ನಂಬಿ ಕೂರಬೇಡಿ.

ಪರೀಕ್ಷೆ ಸುಲಭ. ಹೆಣ್ಣಿನ ಪಾತ್ರವನ್ನು ಕಥೆಯಿಂದ ಪೂರ್ತಿ ತೆಗೆದುಹಾಕಿ. ಆಗಲೂ ಈ ಮನುಷ್ಯ ಮುಂದೆಂದಾದರೂ ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಿದ್ದ ಅನ್ನಿಸಬೇಕು. ಅನ್ನಿಸದಿದ್ದರೆ ಅವನು ಬರೀ ಪಾಪದವನು. ಪಾಪದವನ ಮೇಲೆ ನೋಡುವವರಿಗೆ ಕನಿಕರ ಹುಟ್ಟುತ್ತದೆಯೇ ಹೊರತು ಕುತೂಹಲ ಹುಟ್ಟುವುದಿಲ್ಲ.

ಫೆಮ್ ಫಟಾಲ್

ಬರೆಯುವಾಗ ಹೆಚ್ಚು ಕೆಡುವುದು ಮೋಹಿಸಿ ಬೀಳಿಸುವ ಈ ಹೆಣ್ಣಿನ ಪಾತ್ರವೇ, ಆದ್ದರಿಂದ ಇಲ್ಲಿ ನಿಧಾನ. ಅವಳನ್ನು ನಾಯಕನ ಕಣ್ಣಿನಿಂದಷ್ಟೇ ನೋಡಿ ಬರೆಯುವುದರಿಂದ ಕೆಡುತ್ತದೆ. ಅವನಿಗೆ ಕಾಣುವುದು ಮೋಹ. ಅವಳಿಗೆ ಬೇಕಾಗಿರುವುದು ಹೆಚ್ಚಿನ ಪಾಲು ಹಣ, ಜೊತೆಗೆ ಗಂಡನಿಂದಲೋ ದಣಿಯಿಂದಲೋ ಬಿಡುಗಡೆ. ಮೊದಲು ಇಡೀ ಕಥೆಯನ್ನು ಅವಳ ಕಡೆಯಿಂದ ಒಂದು ಪುಟದಲ್ಲಿ ಬರೆಯಿರಿ. ನಾಯಕ ತೆರೆಯ ಮೇಲಿರುವಾಗ ಅವಳೆಲ್ಲಿದ್ದಳು, ಯಾರ ಜೊತೆ ಮಾತಾಡಿದಳು, ಯಾವಾಗ ಅವನನ್ನು ಕೈಬಿಡಲು ತೀರ್ಮಾನಿಸಿದಳು. ಆ ಪುಟ ಚಿತ್ರದಲ್ಲಿ ಕಾಣಬೇಕಾಗಿಲ್ಲ, ಆದರೆ ಅದಿಲ್ಲದೆ ಬರೆದ ಹೆಣ್ಣು ದೃಶ್ಯದಿಂದ ದೃಶ್ಯಕ್ಕೆ ಬೇರೆ ಬೇರೆ ವ್ಯಕ್ತಿಯಂತೆ ಕಾಣುತ್ತಾಳೆ.

ಆಮೇಲೆ ಅವಳಿರುವ ಪ್ರತಿ ದೃಶ್ಯಕ್ಕೂ ಮೂರು ಕಾಲಂ ಹಾಕಿ: ಹೇಳುವುದು, ನಿಜ, ಕೇಳುವವನಿಂದ ಆಗಬೇಕಾದ ಕೆಲಸ. ಮೂರನೆಯದು ಖಾಲಿಯಿದ್ದರೆ ಆ ದೃಶ್ಯದಲ್ಲಿ ಅವಳು ಸುಮ್ಮನೆ ಚೆಂದ ಕಾಣಲು ಬಂದಿದ್ದಾಳೆ, ದೃಶ್ಯವನ್ನೇ ತೆಗೆಯಿರಿ. ಸುಳ್ಳಿನ ಪ್ರಮಾಣದ ಬಗ್ಗೆಯೂ ಎಚ್ಚರ ಬೇಕು. ಪೂರ್ತಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಮುಕ್ಕಾಲು ನಿಜದೊಳಗೆ ಬಚ್ಚಿಟ್ಟ ಕಾಲು ಸುಳ್ಳು ಬಹಳ ದೂರ ನಡೆಯುತ್ತದೆ. ‘ಔಟ್ ಆಫ್ ದಿ ಪಾಸ್ಟ್’ನ ಕೇಥಿ ಮೊಫಾಟ್ ತನ್ನ ದಣಿ ವಿಟ್ ಸ್ಟರ್ಲಿಂಗ್‌ಗೆ ಗುಂಡು ಹೊಡೆದದ್ದನ್ನು ಜೆಫ್‌ನ ಮುಂದೆ ಒಪ್ಪಿಕೊಳ್ಳುತ್ತಾಳೆ. 40,000 ಡಾಲರ್ ತೆಗೆದುಕೊಂಡದ್ದನ್ನು ಮಾತ್ರ ಅಲ್ಲಗಳೆಯುತ್ತಾಳೆ. ದೊಡ್ಡದನ್ನೇ ಒಪ್ಪಿಕೊಂಡವಳು ಚಿಕ್ಕದಕ್ಕೆ ಸುಳ್ಳಾಡಿಯಾಳೇ ಎಂದು ಅವನು ನಂಬುತ್ತಾನೆ, ಅಥವಾ ನಂಬದಿದ್ದರೂ ಪರವಾಗಿಲ್ಲ ಅನ್ನುತ್ತಾನೆ. ಸುಳ್ಳು ಬಯಲಾಗುವುದು ಮಾತಿನಿಂದಲ್ಲ. ಅವಳು ಕಾರು ಹತ್ತಿ ಹೋದ ಮೇಲೆ ಸಿಗುವ ಬ್ಯಾಂಕ್ ಪುಸ್ತಕದಲ್ಲಿ ಅದೇ 40,000 ಜಮೆಯಾಗಿರುತ್ತದೆ. ಒಂದು ಸುಳ್ಳಿಗೆ ಒಂದು ವಸ್ತು: ಈ ಲೆಕ್ಕ ಇಟ್ಟುಕೊಂಡರೆ ‘ನೀನು ನನಗೆ ಮೋಸ ಮಾಡಿದೆ’ ಎಂಬ ಉದ್ದುದ್ದ ಸಂಭಾಷಣೆ ಬರೆಯುವ ಗೋಜೇ ಇರುವುದಿಲ್ಲ.

ಕೇಳುವವನಿಗೆ ತಕ್ಕಂತೆ ಸುಳ್ಳು ಬದಲಾಗಬೇಕು. ‘ಫಾಲ್ಕನ್’ನಲ್ಲಿ ಸ್ಪೇಡ್‌ನ ಕಚೇರಿಗೆ ಮಿಸ್ ವಂಡರ್ಲಿ ಎಂದು ಬಂದವಳು ಮುಂದೆ ಲೆಬ್ಲಾಂಕ್ ಆಗಿ, ಕೊನೆಗೆ ಬ್ರಿಜಿಡ್ ಒಶಾನೆಸಿ ಎಂದಾಗುತ್ತಾಳೆ. ಹೆಸರಿನ ಜೊತೆ ಅಳುವಿನ ವರಸೆಯೂ ಬೇರೆಯಾಗುತ್ತದೆ.

ಪ್ರವೇಶದ ದೃಶ್ಯಕ್ಕೆ ಒಂದೇ ಒಂದು ವಸ್ತು ಅಥವಾ ಒಂದೇ ಬೆಳಕು ಸಾಕು. ಫಿಲಿಸ್‌ಗೆ ಕಾಲ ಸರಪಳಿ. ಮೆಟ್ಟಿಲಿಳಿಯುವಾಗ ಕ್ಯಾಮೆರಾ ನೋಡುವುದು ಅದನ್ನೇ. ಕೇಥಿ ಕೆಫೆಯೊಳಗೆ ಬರುವುದು ಅಕಾಪುಲ್ಕೊದ ಹಗಲ ಬಿಸಿಲಿನಿಂದ. ನೆರಳಿನ ಕಥೆಯ ಅತಿ ಅಪಾಯಕಾರಿ ವ್ಯಕ್ತಿ ಬೆಳಕಿನಿಂದ ಇಳಿದು ಬರುತ್ತಾಳೆ ಎಂಬುದನ್ನು ಗಮನಿಸಿ. ಕೆಂಪು ಸೀರೆ, ತುಟಿಬಣ್ಣ, ಎತ್ತರ ಹಿಮ್ಮಡಿಯ ಚಪ್ಪಲಿ, ಸ್ಯಾಕ್ಸೊಫೋನ್ ಎಲ್ಲವನ್ನೂ ಒಟ್ಟಿಗೆ ಸುರಿದರೆ ಅದು ಅಣಕವಾಗುತ್ತದೆ. ಅಂದಚಂದ ಬೇಕೇ ಬೇಕೆಂದೂ ಇಲ್ಲ. ‘ಡೀಟೂರ್’ನ (1945) ವೆರಾ ಕೆಮ್ಮುತ್ತಾಳೆ, ಬೈಯುತ್ತಾಳೆ, ಬ್ಲ್ಯಾಕ್‌ಮೇಲ್ ಮಾಡುತ್ತಾಳೆ. ಮೋಹಿಸುವ ಪ್ರಯತ್ನಕ್ಕಿಂತ ಅವಳಿಗೆ ನಾಯಕನ ಭಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದಾರಿಯೂ ಇದೆ, ಇವತ್ತು ಬರೆಯುವವರಿಗೆ ಬಹುಶಃ ಅದೇ ಹೆಚ್ಚು ಒಗ್ಗುತ್ತದೆ: ಘಾತುಕಿ ಎಂದು ಗಂಡಸರು ಭಾವಿಸಿಕೊಂಡಿರುವ, ನಿಜಕ್ಕೂ ಹಾಗಿಲ್ಲದ ಹೆಣ್ಣು. ‘ಗಿಲ್ಡಾ’ದಲ್ಲಿ (1946) ವಿಷ ಇರುವುದು ನಾಯಕ ಜಾನಿಯ ಅನುಮಾನದಲ್ಲಿ. ‘ಲಾರಾ’ದಲ್ಲಿ (1944) ಪತ್ತೇದಾರ ಪ್ರೀತಿಸುವುದು ಸತ್ತಳೆಂದುಕೊಂಡವಳ ಭಾವಚಿತ್ರವನ್ನು, ಅವಳು ಜೀವಂತ ಬಂದು ನಿಂತಾಗ ಕಥೆ ಬೇರೆಯೇ ಆಗುತ್ತದೆ. ಈ ದಾರಿ ಹಿಡಿದರೆ ಮೊದಲ ಅರ್ಧದಲ್ಲಿ ಅವಳ ಬಗ್ಗೆ ಬರುವ ಪ್ರತಿ ಮಾಹಿತಿಯೂ ಯಾರೋ ಗಂಡಸಿನ ಬಾಯಿಂದಲೇ ಬರಲಿ.

ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನಲ್ಲಿಲ್ಲದ ಒಂದು ಸಲಕರಣೆ ಉಂಟು. ಅವಳು ಅವನನ್ನು ‘ನೀವು’ ಎನ್ನುವುದರಿಂದ ‘ನೀನು’ ಎನ್ನುವುದಕ್ಕೆ ಯಾವ ದೃಶ್ಯದಲ್ಲಿ ಇಳಿಯುತ್ತಾಳೆ ಎಂದು ಮೊದಲೇ ಗುರುತು ಮಾಡಿ. ಪ್ರಣಯದ ದೃಶ್ಯಕ್ಕಿಂತ ಅಪರಾಧ ಮುಗಿದ ಮರುಕ್ಷಣ ಇದಕ್ಕೆ ವಾಸಿ. ಕೈಬಿಡಲು ಹೊರಟಾಗ ಮತ್ತೆ ‘ನೀವು’ಗೆ ಮರಳಿದರೆ ಬೇರೆ ವಿವರಣೆ ಬೇಡ.

ದಣಿ ಮತ್ತು ಅವನ ಕೈ

ದುಡ್ಡಿನ ಒಡೆಯನನ್ನೂ ಹೊಡೆಯುವವನನ್ನೂ ಒಂದೇ ಪಾತ್ರದಲ್ಲಿ ತುರುಕಬೇಡಿ. ದಣಿ ದನಿ ಎತ್ತುವುದಿಲ್ಲ. ಕರ್ಕ್ ಡಗ್ಲಾಸ್ ಮಾಡಿದ ವಿಟ್ ಸ್ಟರ್ಲಿಂಗ್ ನಗುನಗುತ್ತಲೇ ಹೆದರಿಸುತ್ತಾನೆ. ‘ಫಾಲ್ಕನ್’ನ ಗಟ್‌ಮನ್ ಮಾತಿನ ಸುಖಕ್ಕೇ ಮಾತಾಡುವವನು, ಪಿಸ್ತೂಲು ಹೊರುವುದು ಅವನ ಹುಡುಗ ವಿಲ್ಮರ್. ಕೊನೆಗೆ ಪೊಲೀಸರಿಗೆ ಬಲಿ ಕೊಡಲು ಒಬ್ಬ ಬೇಕೆಂದಾಗ ಗಟ್‌ಮನ್ ಮಗನಂತಿದ್ದವನನ್ನೇ ಕೊಟ್ಟುಬಿಡುತ್ತಾನೆ. ಎರಡು ಪಾತ್ರಗಳಾಗಿ ಬೇರ್ಪಡಿಸುವುದರ ಲಾಭ ಇದು: ದಣಿಯ ನಿಜವಾದ ಕ್ರೌರ್ಯ ಹೊಡೆದಾಟದಲ್ಲಲ್ಲ, ಒಂದು ವ್ಯವಹಾರದಲ್ಲಿ ಕಾಣುತ್ತದೆ.

ಗೂಂಡಾನಿಗೆ ಒಂದೇ ಒಂದು ದೈಹಿಕ ಅಭ್ಯಾಸ ಕೊಡಿ, ಅದಕ್ಕೆ ಕಾರಣ ಹೇಳಬೇಡಿ. ‘ಕಿಸ್ ಆಫ್ ಡೆತ್’ನಲ್ಲಿ (1947) ರಿಚರ್ಡ್ ವಿಡ್‌ಮಾರ್ಕ್ ಮಾಡಿದ ಟಾಮಿ ಯುಡೊ ಕಿಸಕ್ಕನೆ ನಗುತ್ತಾನೆ, ಗಾಲಿಕುರ್ಚಿಯ ಮುದುಕಿಯನ್ನು ಮೆಟ್ಟಿಲ ಮೇಲಿಂದ ತಳ್ಳುವಾಗಲೂ. ಅವನ ಬಾಲ್ಯದ ಕಥೆ ಸೇರಿಸಿದ್ದರೆ ಆ ನಗು ಸತ್ತುಹೋಗುತ್ತಿತ್ತು.

ಲಂಚಕೋರ ಪೊಲೀಸ್, ಸಾಲದಲ್ಲಿ ಮುಳುಗಿದ ವಕೀಲ, ಕ್ಲಬ್ಬಿನ ಮಾಲೀಕ: ಇವರೆಲ್ಲ ದಣಿಯ ಪಾತ್ರದ ಬೇರೆ ಬೇರೆ ಅಂಗಿಗಳು. ಒಂದು ಕಥೆಗೆ ಒಬ್ಬರು ಸಾಕು.

ಗೆಳೆಯ: ಎಲ್ಲರೂ ಮರೆಯುವ ಪಾತ್ರ

ನ್ವಾರ್ ಎಂದರೆ ಗಂಡು, ಹೆಣ್ಣು, ಹೆಣ ಎಂದುಕೊಂಡವರು ಬಿಟ್ಟುಬಿಡುವುದು ಇವನನ್ನು. ನಾಯಕನನ್ನು ಪ್ರೀತಿಸುವ, ನಾಯಕನೂ ಗೌರವಿಸುವ, ನಾಯಕನನ್ನು ಹಿಡಿಯುವ ಸಾಮರ್ಥ್ಯವೂ ಇರುವ ಒಬ್ಬ. ‘ಡಬಲ್ ಇಂಡೆಮ್ನಿಟಿ’ಯ ಭಾವದ ನಡುಗಂಬ ಫಿಲಿಸ್ ಅಲ್ಲ, ಎಡ್ವರ್ಡ್ ಜಿ. ರಾಬಿನ್ಸನ್ ಮಾಡಿದ ಕೀಸ್. ಅವನ ಸಿಗಾರಿಗೆ ಬೆಂಕಿಕಡ್ಡಿ ಎಂದೂ ಜೇಬಲ್ಲಿರುವುದಿಲ್ಲ. ನೆಫ್ ಪ್ರತಿ ಸಲ ಉಗುರಿನಿಂದ ಗೀರಿ ಹಚ್ಚಿಕೊಡುತ್ತಾನೆ. ಕೊನೆಯಲ್ಲಿ ಗುಂಡೇಟು ತಿಂದು ಬಿದ್ದಿರುವ ನೆಫ್‌ನ ಸಿಗರೇಟಿಗೆ ಕೀಸ್ ಹಚ್ಚಿಕೊಡುತ್ತಾನೆ. ನೆಫ್‌ನನ್ನು ಗ್ಯಾಸ್ ಕೋಣೆಯಲ್ಲಿ ಕೊಲ್ಲುವ ದೃಶ್ಯವನ್ನು ವೈಲ್ಡರ್ ಚಿತ್ರಿಸಿಯೂ ಕೈಬಿಟ್ಟರು. ಕಡ್ಡಿ ಕೈ ಬದಲಾದ ಮೇಲೆ ಹೇಳಲು ಏನೂ ಉಳಿದಿರಲಿಲ್ಲ.

ನಿಮ್ಮ ಕಥೆಯಲ್ಲೂ ಇಂಥ ಒಂದು ಕ್ರಿಯೆ ಆರಿಸಿ, ಕನಿಷ್ಠ ಮೂರು ಸಲ ಒಂದೇ ದಿಕ್ಕಿನಲ್ಲಿ ನಡೆಸಿ, ಕೊನೆಗೊಮ್ಮೆ ತಿರುಗಿಸಿ. ಎರಡೇ ಸಲವಾದರೆ ನೋಡುವವರ ನೆನಪಲ್ಲಿ ಕೂರುವುದಿಲ್ಲ. ಐದಾರು ಸಲವಾದರೆ ಮುಂದೇನೆಂದು ಮೊದಲೇ ಗೊತ್ತಾಗಿಬಿಡುತ್ತದೆ.

ಈ ಗೆಳೆಯ ತಪ್ಪಿಸಿಕೊಳ್ಳುವ ಬಾಗಿಲನ್ನೂ ತೆರೆದಿಡಬೇಕು. ಕೊಲೆಗೆ ಮುಂಚೆ ಕೀಸ್ ನೆಫ್‌ಗೆ ತನ್ನ ಸಹಾಯಕನ ಕೆಲಸ ಕೊಡುತ್ತೇನೆನ್ನುತ್ತಾನೆ, ಸಂಬಳ ಐವತ್ತು ಡಾಲರ್ ಕಡಿಮೆ. ಅದೇ ಹೊತ್ತಿಗೆ ಫಿಲಿಸ್‌ಳ ಫೋನು ಬರುತ್ತದೆ. ನೆಫ್ ಕೆಲಸ ಬೇಡವೆನ್ನುತ್ತಾನೆ. ನೇರವಾದ ದಾರಿಯೊಂದು ಕಣ್ಣೆದುರೇ ಇದ್ದು ಅದನ್ನು ಬಿಟ್ಟಾಗ ಮಾತ್ರ ಪತನಕ್ಕೆ ತೂಕ ಬರುತ್ತದೆ. ಈ ದೃಶ್ಯ ಅಪರಾಧಕ್ಕೆ ಮೊದಲೇ ಬರಬೇಕು. ಆಮೇಲೆ ಬಂದರೆ ಅದು ಬರೀ ಪಶ್ಚಾತ್ತಾಪ.

ಎಲ್ಲ ಪಾತ್ರಗಳೂ ಒಂದೇ ಚೌಕಟ್ಟಿಗೆ ಬಂದು ಕೂರುವ ಕ್ಷಣ ನೋಡಬೇಕೆಂದರೆ ನೆಫ್‌ನ ಮನೆಬಾಗಿಲಿನ ದೃಶ್ಯ ನೋಡಿ. ಕೀಸ್ ಹೊರಗೆ ಓಣಿಯಲ್ಲಿ ನಿಂತಿದ್ದಾನೆ, ಫಿಲಿಸ್ ತೆರೆದ ಬಾಗಿಲಿನ ಹಿಂದೆ ಅಡಗಿದ್ದಾಳೆ, ಇಬ್ಬರ ನಡುವೆ ನೆಫ್. ನಿಜವಾದ ಮನೆಯ ಬಾಗಿಲು ಹಾಗೆ ಓಣಿಯ ಕಡೆಗೆ ತೆರೆಯುವುದಿಲ್ಲ. ಪಾತ್ರಗಳ ನಡುವಿನ ಎಳೆದಾಟ ಅಷ್ಟು ಸ್ಪಷ್ಟವಾಗಿದ್ದರೆ ಬಡಗಿಯ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳ್ಳೆಯ ಹುಡುಗಿ, ಬಲಿಪಶು

ಊರಿನ ಒಳ್ಳೆಯ ಹುಡುಗಿ ಸಪ್ಪೆಯಾಗುವುದು ಅವಳಿಗೆ ಕಾಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲದಾಗ. ‘ಔಟ್ ಆಫ್ ದಿ ಪಾಸ್ಟ್’ನ ಆ್ಯನ್ ಕೂಡ ಸ್ವಲ್ಪ ಹಾಗೇ, ಆದರೆ ಜೆಫ್ ತನ್ನ ಹಳೆಯ ಕಥೆಯನ್ನೆಲ್ಲ ಕಾರಿನಲ್ಲಿ ಹೇಳುವುದು ಅವಳಿಗೆ, ಹಾಗಾಗಿ ಅವಳು ಬಿದ್ದುಹೋಗುವುದಿಲ್ಲ. ಅದಕ್ಕಿಂತ ಗಟ್ಟಿ ಮಾದರಿ ‘ಫ್ಯಾಂಟಮ್ ಲೇಡಿ’ಯದು (1944): ಮರಣದಂಡನೆಗೆ ಗುರಿಯಾದ ಯಜಮಾನನನ್ನು ಉಳಿಸಲು ಅವನ ಸೆಕ್ರೆಟರಿಯೇ ತನಿಖೆಗೆ ಇಳಿಯುತ್ತಾಳೆ, ಬೇಕಾದಾಗ ವೇಷವನ್ನೂ ಬದಲಿಸುತ್ತಾಳೆ.

ಗೂಂಡಾನ ಗೆಳತಿ ಎಂಬ ಪಾತ್ರ ಇವೆರಡರ ನಡುವಿನದು. ‘ದಿ ಬಿಗ್ ಹೀಟ್’ನಲ್ಲಿ (1953) ಡೆಬಿಯ ಮುಖಕ್ಕೆ ಕುದಿಯುವ ಕಾಫಿ ಎರಚುತ್ತಾರೆ, ಅಲ್ಲಿಯವರೆಗೆ ಕನ್ನಡಿ ನೋಡಿಕೊಂಡಿದ್ದವಳು ಆಮೇಲೆ ಕಥೆಯ ಗಂಟನ್ನೇ ಬಿಚ್ಚುತ್ತಾಳೆ. ನಮ್ಮ ಕಡೆ ಈ ಪಾತ್ರಕ್ಕೆ ಹೆಚ್ಚು ಒಲವು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಮೊದಲ ಸಲ ನಿರ್ದೇಶಿಸಿದ ಹಿಂದಿ ಚಿತ್ರ ‘ಬಾಜಿ’ಯಲ್ಲಿ (1951) ಕ್ಲಬ್ಬಿನ ನರ್ತಕಿ ನಾಯಕನಿಗಾಗಿ ಪ್ರಾಣ ಕೊಡುತ್ತಾಳೆ, ಕ್ಲಬ್ಬಿನ ಮರೆಯ ಒಡೆಯ ನಾಯಕಿಯ ತಂದೆಯೇ ಆಗಿರುತ್ತಾನೆ. ಹಾಲಿವುಡ್ಡಿನಲ್ಲಿ ಹೆಣ್ಣಿನ ಮೇಲೆ ಹೊರಿಸಿದ್ದ ಕಪಟ ಇಲ್ಲಿ ಗೌರವಸ್ಥ ಅಪ್ಪನ ಮೇಲೆ ಬಂದಿದೆ. ಇಲ್ಲಿನ ಕಥೆ ಬರೆಯುವವರು ಈ ಬದಲಾವಣೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕುಟುಂಬದ ಯಜಮಾನನೇ ದಣಿ ಎಂಬುದು ನಮ್ಮ ನೋಡುಗರನ್ನು ಹೆಚ್ಚು ಕಲಕುತ್ತದೆ.

ಬಲಿಪಶು ಚಿಕ್ಕ ಪಾತ್ರ, ಎರಡು ದೃಶ್ಯ ಸಾಕು. ‘ದಿ ಬಿಗ್ ಸ್ಲೀಪ್’ನ (1946) ಹ್ಯಾರಿ ಜೋನ್ಸ್ ತನ್ನವಳನ್ನು ಉಳಿಸಲು ಸುಳ್ಳು ವಿಳಾಸ ಕೊಟ್ಟು ವಿಷ ಕುಡಿದು ಸಾಯುತ್ತಾನೆ. ಇಡೀ ಚಿತ್ರದಲ್ಲಿ ನಿಯತ್ತಿನ ಮನುಷ್ಯ ಯಾರೆಂದರೆ ಮೊದಲು ನೆನಪಾಗುವುದು ಅವನೇ. ಬಲಿಪಶುವಿಗೆ ಸಾಯುವ ಮುಂಚೆ ಒಂದು ಸಣ್ಣ ಘನತೆ ಕೊಡಿ.

ಯಾರಿಗೆ ಎಷ್ಟು ಗೊತ್ತು

ಪಾತ್ರಗಳೆಲ್ಲ ಸಿದ್ಧವಾದ ಮೇಲೆ ಒಂದು ಪಟ್ಟಿ ಮಾಡಿ. ಎಡಕ್ಕೆ ದೃಶ್ಯಗಳ ಸಂಖ್ಯೆ, ಮೇಲೆ ಪಾತ್ರಗಳ ಹೆಸರು, ಕೊನೆಯ ಕಾಲಂ ನೋಡುಗರದು. ಕಥೆಯ ಮುಖ್ಯ ಗುಟ್ಟುಗಳಿಗೆ ಅಂಕಿ ಕೊಟ್ಟು, ಯಾವ ದೃಶ್ಯದಲ್ಲಿ ಯಾವ ಗುಟ್ಟು ಯಾರಿಗೆ ತಿಳಿಯಿತು ಎಂದು ತುಂಬಿ. ನಾಲ್ಕು ದೃಶ್ಯ ಸಾಲಾಗಿ ಯಾರಿಗೂ ಹೊಸದೇನೂ ತಿಳಿದಿಲ್ಲವೆಂದರೆ ಅಲ್ಲಿ ಕಥೆ ನಿಂತಿದೆ. ಇಬ್ಬರಿಗೆ ಎಲ್ಲವೂ ಸಮಸಮ ತಿಳಿದಿದ್ದರೆ ಅವರ ನಡುವಿನ ದೃಶ್ಯದಲ್ಲಿ ಬಿಸಿ ಇರುವುದಿಲ್ಲ.

ಹಿನ್ನೆಲೆ ದನಿ ಬಳಸುವುದಾದರೆ ಈ ಪಟ್ಟಿ ಇನ್ನೂ ಅಗತ್ಯ. ನೆಫ್ ಆರಂಭದಲ್ಲೇ ದನಿ ದಾಖಲಿಸುವ ಡಿಕ್ಟಾಫೋನಿಗೆ ತಪ್ಪೊಪ್ಪಿಕೊಂಡುಬಿಡುತ್ತಾನೆ: ಹಣಕ್ಕಾಗಿ, ಹೆಣ್ಣಿಗಾಗಿ ಕೊಂದೆ, ಎರಡೂ ದಕ್ಕಲಿಲ್ಲ. ಕೊಂದವನು ಯಾರೆಂಬುದು ಹೋಗಿ ಹೇಗೆ ಕೆಟ್ಟಿತೆಂಬುದು ಉಳಿಯುತ್ತದೆ. ತೆರೆಯಲ್ಲಿ ಕಾಣುವುದನ್ನೇ ದನಿ ಹೇಳಬಾರದು. ಕಾಣುವುದಕ್ಕೂ ಹೇಳುವುದಕ್ಕೂ ಸ್ವಲ್ಪ ಅಂತರ ಇರಲಿ. ‘ಡೀಟೂರ್’ನ ನಾಯಕ ಎಲ್ಲವನ್ನೂ ವಿಧಿಯ ಮೇಲೆ ಹಾಕುತ್ತಾ ಹೋಗುತ್ತಾನೆ, ಕೇಳುತ್ತಾ ಕೇಳುತ್ತಾ ನಮಗೆ ಅವನ ಮೇಲೇ ಅನುಮಾನ ಬರುತ್ತದೆ.

ಕೊನೆಯಲ್ಲಿ ಅಪರಾಧಿಗೆ ಶಿಕ್ಷೆಯಾಗಲೇಬೇಕೆಂಬ ನಿಯಮ ಈಗಿಲ್ಲ. ಆಗ ಇತ್ತು: 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್ ಎಂಬ ನೀತಿನಿಯಮಾವಳಿಯ ಪ್ರಕಾರ ಅಪರಾಧಿಗೆ ಶಿಕ್ಷೆ ತಪ್ಪುವಂತಿರಲಿಲ್ಲ. ‘ಸ್ಕಾರ್ಲೆಟ್ ಸ್ಟ್ರೀಟ್’ ಅದರೊಳಗೇ ಜಾಣ ದಾರಿ ಹುಡುಕಿತು. ಕೊಲೆ ಮಾಡಿದ ಕ್ರಾಸ್ ಬದುಕುಳಿಯುತ್ತಾನೆ, ಮಾಡದವನು ಮರಣದಂಡನೆಗೆ ಗುರಿಯಾಗುತ್ತಾನೆ. ಕ್ರಾಸ್‌ನ ಕಿವಿಯಲ್ಲಿ ಸತ್ತವರ ದನಿ ನಿಲ್ಲುವುದಿಲ್ಲ. ಕೊನೆ ಬರೆಯುವಾಗ ನಾಯಕನ ನಾಲ್ಕನೇ ಸಾಲಿಗೆ, ಅಂದರೆ ಅವನ ಬೆಲೆಗೆ ಹಿಂದಿರುಗಿ. ಯಾವುದಕ್ಕಾಗಿ ಬಿಕರಿಯಾದನೋ ಅದನ್ನೇ ಅವನಿಂದ ಕಿತ್ತುಕೊಳ್ಳಿ.

ಕಿರುಚಿತ್ರಕ್ಕೆ

ಹದಿನೈದು ನಿಮಿಷದಲ್ಲಿ ಮೂರು ಪಾತ್ರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ: ಬೀಳುವವನು, ಬೀಳಿಸುವವರು, ಗೆಳೆಯ. ದಣಿಯನ್ನು ಫೋನಿನ ದನಿಯಾಗಿ ಇಟ್ಟರೆ ಸಾಕು. ತೊಂಬತ್ತು ನಿಮಿಷಕ್ಕಾದರೆ ಆರು ಅಥವಾ ಏಳು. ಆಸೆ ಹುಟ್ಟಿಸುವ ದೃಶ್ಯ ಹತ್ತರಿಂದ ಹನ್ನೆರಡನೇ ಪುಟದೊಳಗೆ, ಅಪರಾಧ ಸುಮಾರು ಮಧ್ಯಭಾಗದಲ್ಲಿ ಬಂದರೆ ಕೊಳೆಯುವುದನ್ನು ತೋರಿಸಲು ಉಳಿದರ್ಧ ಸಿಗುತ್ತದೆ.

ಬೆಳಕನ್ನೂ ಪಾತ್ರದಂತೆ ಹಂಚಿ. ಒಂದೇ ಎಲ್‌ಇಡಿ ಇದ್ದರೆ ಬೀಳುವವನ ಪಕ್ಕದಿಂದ, ಸುಮಾರು ಮುಖಕ್ಕೆ ಲಂಬವಾಗಿ ಇಡಿ. ಎದುರು ಬದಿಗೆ ಬೆಳಕು ಕೊಡಬೇಡಿ, ಬಿಳಿ ಗೋಡೆ ಹತ್ತಿರವಿದ್ದರೆ ಕಪ್ಪು ಬಟ್ಟೆ ಹಾಕಿ, ಇಲ್ಲವಾದರೆ ಗೋಡೆಯಿಂದ ಹಿಂದಿರುಗಿದ ಬೆಳಕು ನೆರಳನ್ನು ತಿಂದುಹಾಕುತ್ತದೆ. ಎರಡು ದೀಪವಿದ್ದರೆ ಮುಖದ ಎರಡು ಬದಿಗೂ ಎಂಟಕ್ಕೆ ಒಂದರ ಪ್ರಮಾಣ, ಅಂದರೆ ಮೂರು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಕಿಟಕಿಪಟ್ಟಿಯ ಗೆರೆನೆರಳು ಮಸುಕಾಗಿ ಬಂದರೆ ದೀಪದ ಮುಂದಿನ ಸಾಫ್ಟ್‌ಬಾಕ್ಸ್ ತೆಗೆದು, ದೀಪವನ್ನು ಹಿಂದಕ್ಕೆ ಒಯ್ದು, ಪಟ್ಟಿಯನ್ನು ನಟನ ಹತ್ತಿರ ತನ್ನಿ. ಗೆರೆಗಳನ್ನು ಎಲ್ಲರ ಮುಖದ ಮೇಲೂ ಹಾಕಬೇಡಿ. ಬೀಳುವವನಿಗೆ ಮಾತ್ರ, ಅದೂ ಅವನು ಒಪ್ಪಿಕೊಂಡ ದೃಶ್ಯದಿಂದ ಮುಂದಕ್ಕೆ. ಗೆಳೆಯನಿಗೆ ಕೊನೆಯವರೆಗೂ ಕಚೇರಿಯ ಸಾದಾ ಬೆಳಕೇ ಇರಲಿ.